ನಾಲಿಗೆಯ ಲೆಕ್ಕ: ಕೊನಗೋಲು ಎಂಬ ಕಲೆ

ಅ ಕಪೆಲ್ಲ ತಂಡಗಳು ಯಾವ ವಾದ್ಯವನ್ನೂ ಇಟ್ಟುಕೊಳ್ಳದೆ ಕಂಠದಲ್ಲೇ ಇಡೀ ಹಾಡನ್ನು ಕಟ್ಟುತ್ತವೆ. ಅಂಥ ತಂಡದಲ್ಲಿ ಸಾಮಾನ್ಯವಾಗಿ ಒಬ್ಬರು ಹಾಡುವುದೇ ಇಲ್ಲ. ಉಳಿದವರು ಮೇಲಿನ ಸ್ವರ, ಕೆಳಗಿನ ಸ್ವರ ಎಂದು ಹಂಚಿಕೊಂಡು ಹಾಡುವಾಗ ಅವರು ಮೈಕನ್ನು ತುಟಿಗೆ ಒತ್ತಿ ಹಿಡಿದು ಬಾಯಲ್ಲಿ ಡ್ರಮ್ ನುಡಿಸುತ್ತಾರೆ. ತುಟಿ ಬಿಗಿದು ಥಟ್ಟನೆ ಬಿಟ್ಟರೆ ದೊಡ್ಡ ಡ್ರಮ್ಮಿನ ಗುದ್ದು. ಹಲ್ಲಿನ ನಡುವಿನಿಂದ 'ತ್ಸ್' ಎಂದು ಗಾಳಿ ಹೊರಟರೆ ಕಂಚಿನ ತಟ್ಟೆಗಳ ಸದ್ದು. ನಾಲಿಗೆಯ ಹಿಂಭಾಗದಿಂದ 'ಕ್' ಎಂದು ಸಿಡಿಸಿದರೆ ಸ್ನೇರ್ ಡ್ರಮ್ಮಿನ ಏಟು. ಈ 'ಕ್' ಅನ್ನು ಪಳಗಿದವರು ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ನುಡಿಸುತ್ತಾರೆ. ಆದ್ದರಿಂದ ಅವರಿಗೆ ಉಸಿರಿಗೆಂದು ನಿಲ್ಲುವ ಅಗತ್ಯ ಬೀಳದು, ಕೇಳುವವರಿಗೆ ಲಯ ಒಂದೆಡೆಯೂ ಕಡಿದಂತೆ ಅನ್ನಿಸದು.

1980ರ ದಶಕದ ನ್ಯೂಯಾರ್ಕಿನಲ್ಲಿ ಡಗ್ ಇ. ಫ್ರೆಶ್, ಬಿಜ್ ಮಾರ್ಕಿ ಮೊದಲಾದವರು ಇದನ್ನು ಬೀಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಲೋಕಕ್ಕೆ ಪರಿಚಯಿಸಿದರು. 1988ರಲ್ಲಿ ಬಾಬಿ ಮೆಕ್‌ಫೆರಿನ್ ಅವರ 'ಡೋಂಟ್ ವರಿ, ಬಿ ಹ್ಯಾಪಿ' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಂಠವೊಂದರಿಂದಲೇ ಕಟ್ಟಿದ ಹಾಡು ಆ ಸ್ಥಾನ ತಲುಪಿದ್ದು ಅದೇ ಮೊದಲು. ನಮ್ಮ ಚೆನ್ನೈಯಲ್ಲಿ 1993ರ 'ತಿರುಡಾ ತಿರುಡಾ' ಚಿತ್ರಕ್ಕಾಗಿ ಎ.ಆರ್. ರೆಹಮಾನ್ 'ರಾಸಾತ್ತಿ' ಎಂಬ ಹಾಡನ್ನು ಮಾಡಿದರು. ಶಾಹುಲ್ ಹಮೀದ್ ಅವರ ಒರಟು ಜಾನಪದ ಕಂಠವನ್ನು ಮುಂದಿಟ್ಟು, ಸುತ್ತಲಿನ ಜಾಗವನ್ನೆಲ್ಲ ಕೋರಸ್ಸಿನ ದನಿಗಳಿಂದ ತುಂಬಿದರು. ಅದರಲ್ಲಿ ವಾದ್ಯ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಸಲ ಕೇಳುವವರಿಗೆ ಆ ಕೊರತೆ ಗಮನಕ್ಕೇ ಬರುವುದಿಲ್ಲ.

ಆದರೆ ಬಾಯಲ್ಲಿ ಲಯ ನುಡಿಸುವ ವಿದ್ಯೆ ಈ ಊರಿಗೆ ಬೀಟ್‌ಬಾಕ್ಸಿನ ಜೊತೆ ಬಂದದ್ದಲ್ಲ. ತಮಿಳರು ಕೊನ್ನಕ್ಕೋಲ್ ಎಂದೂ ನಾವು ಕೊನಗೋಲು ಎಂದೂ ಕರೆಯುವ ಕಲೆ ಕರ್ನಾಟಕ ಸಂಗೀತದ ಒಳಗೇ ಬೆಳೆದದ್ದು. ಅದನ್ನು ಹುಡುಕಿ ಹೊರಡುವವರಿಗೆ ಚೆನ್ನೈನಲ್ಲಿ ನಾನಿರುವ ವೇಲಚೇರಿ ಅನುಕೂಲದ ಜಾಗ. ಇಲ್ಲಿಯವರು 'ಪರಕ್ಕುಂ ರೈಲು' ಎನ್ನುವ, ಕಂಬಗಳ ಮೇಲೆ ಓಡುವ ರೈಲು 2007ರಲ್ಲಿ ವೇಲಚೇರಿಯವರೆಗೆ ಬಂತು. ಇಲ್ಲಿಂದ ಹೊರಟರೆ ಮೂರನೆಯ ನಿಲ್ದಾಣ ತಿರುವಾನ್ಮಿಯೂರು. ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಸ್ಥಾಪಿಸಿದ ಕಲಾಕ್ಷೇತ್ರ ಇರುವುದು ಅಲ್ಲಿ. ಮರದ ಹಲಗೆಯ ಮೇಲೆ ಕೋಲಿನಿಂದ ತಟ್ಟುತ್ತ, ಭರತನಾಟ್ಯದ ಅಡವುಗಳ ಸೊಲ್ಲುಗಳನ್ನು, ಅಂದರೆ ಲಯದ ಉಲಿಗಳನ್ನು, ಗಟ್ಟಿಯಾಗಿ ಹೇಳುತ್ತ ಪಾಠ ಮಾಡುವ ನಟ್ಟುವಾಂಗ ಅಲ್ಲಿನ ದಿನಚರಿ. ಅದೇ ರೈಲಿನಲ್ಲಿ ಇನ್ನೂ ಮುಂದೆ ಹೋದರೆ ಮೈಲಾಪುರ, ಡಿಸೆಂಬರ್ ತಿಂಗಳ ಸಂಗೀತ ಋತುವಿನ ಹೃದಯಭಾಗ.

ಬೀಟ್‌ಬಾಕ್ಸ್ ಮತ್ತು ಕೊನಗೋಲು ಅಕ್ಕಪಕ್ಕದ ಮನೆಯವರಂತೆ ಕಂಡರೂ ಅವುಗಳ ಬುನಾದಿ ಬೇರೆ ಬೇರೆ. ಬೀಟ್‌ಬಾಕ್ಸಿನವರು ವಾದ್ಯದ ಸದ್ದನ್ನು ಬಾಯಲ್ಲಿ ಮತ್ತೆ ಹುಟ್ಟಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದವರಿಗೆ ಡ್ರಮ್ ಎಂದೇ ಅನ್ನಿಸಬೇಕೆಂಬುದು ಅವರ ಗುರಿ. ಈ ಗುರಿಗಾಗಿ ಮನುಷ್ಯನ ಬಾಯಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಸೊಗಸಾದ ಅಧ್ಯಯನವಿದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶ್ರೀಕಾಂತ್ ನಾರಾಯಣನ್ ಮತ್ತು ಅವರ ಸಂಗಡಿಗರು ಬೀಟ್‌ಬಾಕ್ಸ್ ಕಲಾವಿದನೊಬ್ಬನನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ನುಡಿಸುವಾಗ ಅವನ ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಹೇಗೆ ಚಲಿಸುತ್ತವೆ ಎಂದು ಚಿತ್ರೀಕರಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಆತನಿಗೆ ಬರುತ್ತಿದ್ದುದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತ್ರ. ಆದರೂ ಆ ಎರಡು ಭಾಷೆಗಳಲ್ಲಿ ಇಲ್ಲದ, ಆಫ್ರಿಕಾದ ಮತ್ತಿತರ ಕಡೆಯ ಭಾಷೆಗಳಲ್ಲಿ ಮಾತ್ರ ಸಿಗುವಂಥ ಧ್ವನಿಗಳನ್ನು ಅವನು ತನಗೆ ತಾನೇ ಕಂಡುಕೊಂಡಿದ್ದ.

ಕೊನಗೋಲಿಗೆ ಮೃದಂಗದ ಸದ್ದನ್ನು ಅನುಕರಿಸುವ ಹಂಬಲವಿಲ್ಲ. 'ತ' ಎಂಬ ಸೊಲ್ಲನ್ನು ಹೇಳುವವರ ಬಾಯಲ್ಲಿ ಕೇಳುವುದು 'ತ' ಮಾತ್ರ, ಚರ್ಮದ ಮೇಲಿನ ಪೆಟ್ಟು ಕೇಳಬೇಕಾಗಿಲ್ಲ. ಮೃದಂಗದಲ್ಲೂ ಒಂದೇ ಸೊಲ್ಲು ಸಂದರ್ಭ ನೋಡಿ ಬೇರೆ ಬೇರೆ ಪೆಟ್ಟುಗಳಾಗುತ್ತದೆ, ಬೇರೆ ಬೇರೆ ಸೊಲ್ಲುಗಳು ಒಂದೇ ಪೆಟ್ಟಿಗೆ ಬಂದು ನಿಲ್ಲುತ್ತವೆ. ಹಾಗಾಗಿ ಸೊಲ್ಲನ್ನು ವಾದ್ಯದ ನೆರಳು ಎನ್ನುವುದು ನನ್ನ ಮಟ್ಟಿಗೆ ತಪ್ಪು. ಮೃದಂಗದವರು ಮೊದಲು ಕಲಿಯುವುದು ಬಾಯಿಪಾಠ. ಹೊಸ ಮುಕ್ತಾಯವೊಂದು, ಅಂದರೆ ಲಯದ ಓಟವನ್ನು ಮುಗಿಸುವ ವಿನ್ಯಾಸವೊಂದು, ಹುಟ್ಟುವುದೂ ಬಾಯಲ್ಲಿ, ಗುರುವಿನಿಂದ ಶಿಷ್ಯನಿಗೆ ದಾಟುವುದೂ ಬಾಯಲ್ಲಿ. ಬೆರಳಿಗೆ ಬರುವುದು ಅನಂತರ. ನಮ್ಮ ಯಕ್ಷಗಾನದಲ್ಲಿಯೂ ಹೀಗೆಯೇ. ಚೆಂಡೆ ಮದ್ದಳೆ ಕಲಿಯಲು ಬಂದ ಹುಡುಗನಿಗೂ ಹೆಜ್ಜೆ ಕಲಿಯಲು ಬಂದ ಹುಡುಗನಿಗೂ ಮೊದಲು ಹೇಳಿಕೊಡುವುದು ಬಾಯಿತಾಳ. ಲಯದ ಯೋಚನೆ ನಡೆಯುವ ಭಾಷೆ ಇದು. ಕೊನಗೋಲು ಎಂದರೆ ಆ ಭಾಷೆಯನ್ನು ಕಲಿಕೆಯ ಕೋಣೆಯಿಂದ ವೇದಿಕೆಗೆ ತಂದು ಕಲೆಯಾಗಿ ಬೆಳೆಸಿದ್ದು.

ಇದರ ವೇಗದ ಗುಟ್ಟು ವ್ಯಂಜನಗಳ ಆಯ್ಕೆಯಲ್ಲಿದೆ. 'ತಕಧಿಮಿ' ಎಂದು ನಿಧಾನವಾಗಿ ಹೇಳಿ ನೋಡಿ. 'ತ' ಹುಟ್ಟುವುದು ನಾಲಿಗೆಯ ತುದಿ ಹಲ್ಲಿಗೆ ತಾಗಿದಾಗ, 'ಕ' ಹುಟ್ಟುವುದು ನಾಲಿಗೆಯ ಬುಡ ಮೇಲೆದ್ದಾಗ. ತುದಿ ಕೆಲಸ ಮಾಡುವಾಗ ಬುಡ ಸಿದ್ಧವಾಗುತ್ತದೆ, ಬುಡ ಕೆಲಸ ಮಾಡುವಾಗ ತುದಿ. ಕೊಳಲಿನವರು ಒಂದೇ ಸ್ವರವನ್ನು ಬೇಗ ಬೇಗ ಕತ್ತರಿಸಿ ನುಡಿಸಬೇಕಾದಾಗ ಆಶ್ರಯಿಸುವುದೂ ಇದೇ ಉಪಾಯವನ್ನು. 'ತರಿಕಿಟ' ಇನ್ನೂ ಚೆಂದ. ತುದಿ ಹಲ್ಲಿಗೆ ಬಡಿದು, ಒಮ್ಮೆ ಮಿಡಿದು, ಬುಡ ಎದ್ದು, ತುದಿ ಮತ್ತೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಒಂದು ಕ್ಷಣದ ಚೂರಿನಲ್ಲಿ ನಾಲಿಗೆ ಇಡೀ ಬಾಯನ್ನು ಸುತ್ತಿ ಬಂದಿರುತ್ತದೆ. ತುಟಿಯಲ್ಲಿ ಹುಟ್ಟುವ ಪ, ಫ, ಬ, ಭ ಇಲ್ಲಿ ಕಾಣುವುದು ಅಪರೂಪ. 'ಮಿ'ಯಲ್ಲಿ, 'ತೊಂ'ನ ಕೊನೆಯಲ್ಲಿ ತುಟಿ ಸೇರುತ್ತದೆ, ಅಷ್ಟೇ. ಬೀಟ್‌ಬಾಕ್ಸಿನ ಬಲವೆಲ್ಲ ತುಟಿಯ ಸ್ಫೋಟದಲ್ಲಿದ್ದರೆ ಕೊನಗೋಲಿನದು ನಾಲಿಗೆಯ ಓಟದಲ್ಲಿ. ಕನ್ನಡದವರಿಗೆ ಇಲ್ಲೊಂದು ಅನುಕೂಲ ಹುಟ್ಟಿನಿಂದಲೇ ಬಂದಿದೆ. ತ ಬೇರೆ, ಟ ಬೇರೆ ಎಂದು ನಮ್ಮ ನಾಲಿಗೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಇನ್ನು ಲೆಕ್ಕ. ಐದು ಜಾತಿಗಳು ಎಲ್ಲದಕ್ಕೂ ಮೂಲ. ತಿಶ್ರಕ್ಕೆ ಮೂರು, 'ತಕಿಟ'. ಚತುರಶ್ರಕ್ಕೆ ನಾಲ್ಕು, 'ತಕಧಿಮಿ'. ಖಂಡಕ್ಕೆ ಐದು, 'ತಕ ತಕಿಟ'. ಮಿಶ್ರಕ್ಕೆ ಏಳು, 'ತಕಿಟ ತಕಧಿಮಿ'. ಸಂಕೀರ್ಣಕ್ಕೆ ಒಂಬತ್ತು, 'ತಕಧಿಮಿ ತಕತಕಿಟ'. ಕೈ ತಾಳ ಹಾಕುತ್ತಿರುತ್ತದೆ, ಅದು ಏರುವಂತಿಲ್ಲ, ಇಳಿಯುವಂತಿಲ್ಲ. ಬಾಯಿ ಅದರ ಮೇಲೆ ಮೊದಲ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಆಮೇಲೆ ನಡೆ ಬದಲಾಯಿಸುವ ಅಭ್ಯಾಸ. ಒಂದು ಅಕ್ಷರಕ್ಕೆ ನಾಲ್ಕು ಹೇಳುತ್ತಿದ್ದವರು ಕೈ ಕದಲಿಸದೆ ಮೂರಕ್ಕೆ, ಐದಕ್ಕೆ, ಏಳಕ್ಕೆ ಹೊರಳಬೇಕು. ಕಲಿಯುವವರು ಹೆಚ್ಚು ಎಡವುವುದು ಈ ಹೊರಳುವ ಜಾಗದಲ್ಲಿ. ಬಾಯಿಯ ಹಿಂದೆ ಕೈಯೂ ಓಡಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದಕ್ಕೇ ವರ್ಷಗಳು ಬೇಕು. ವಾದ್ಯದವರ ಎರಡು ಕೈಗಳೂ ವಾದ್ಯದ ಮೇಲಿರುತ್ತವೆ, ತಾಳವನ್ನು ಬೇರೆಯವರು ಹಾಕುತ್ತಾರೆ. ಕೊನಗೋಲಿನವರು ತಮ್ಮ ತಾಳವನ್ನು ತಾವೇ ಹಾಕಿಕೊಂಡು ಅದರ ವಿರುದ್ಧ ತಾವೇ ಈಜುವುದನ್ನು ಸಭೆ ಕಣ್ಣಾರೆ ನೋಡುತ್ತದೆ. ಮುಚ್ಚುಮರೆ ಎಂಬುದಿಲ್ಲ.

ಒಂದು ಸಣ್ಣ ಮುಕ್ತಾಯವನ್ನು ಬಿಡಿಸಿ ನೋಡೋಣ. ಆದಿತಾಳ, ಚತುರಶ್ರ ನಡೆ. ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕರಂತೆ ಒಂದು ಆವರ್ತನಕ್ಕೆ 32 ಮಾತ್ರೆ. ನಮ್ಮ ಸೊಲ್ಲು 'ತ ದಿ ಗಿ ನ ತೊಂ', ಐದು ಮಾತ್ರೆಯದು. ಅದನ್ನು ಒಮ್ಮೆ ಹೇಳಿ ಒಂದು ಮಾತ್ರೆ ಸುಮ್ಮನಿರಿ. ಈ ಮೌನಕ್ಕೆ ಕಾರ್ವೆ ಎನ್ನುತ್ತಾರೆ. ನಂತರ ಎರಡು ಸಲ ಹೇಳಿ ಮತ್ತೆ ಒಂದು ಮಾತ್ರೆ ಕಾರ್ವೆ ಬಿಡಿ. ಕೊನೆಗೆ ಮೂರು ಸಲ ಹೇಳಿ. ಐದು, ಹತ್ತು, ಹದಿನೈದು ಸೇರಿ 30, ಕಾರ್ವೆ ಎರಡು, ಒಟ್ಟು 32. ಆವರ್ತನ ಸರಿಯಾಗಿ ತುಂಬಿತು. ಹೀಗೆ ಹರಿಯುತ್ತ ಹರಿಯುತ್ತ ಅಗಲವಾಗುವ ವಿನ್ಯಾಸಕ್ಕೆ ಸ್ರೋತೋವಹ ಯತಿ ಎಂದು ಹೆಸರು.

ಲೆಕ್ಕ ಕೂಡಿತು ಎಂಬುದಷ್ಟೇ ಇದರ ಸೊಗಸಲ್ಲ. ಕೈಯನ್ನು ಗಮನಿಸಿ. ಮೊದಲ ತಟ್ಟಿಗೆ 'ತ' ಬಿತ್ತು. ಕಿರುಬೆರಳು ಎಣಿಸುವಾಗ ಬೀಳುವುದು 'ತೊಂ'. ಉಂಗುರದ ಬೆರಳಿಗೆ 'ಗಿ', ನಡುಬೆರಳಿಗೆ 'ದಿ'. ತಾಳದ ಮುಂದಿನ ಭಾಗವಾದ ದ್ರುತದ ತಟ್ಟು ಬರುವಾಗ ಬಾಯಲ್ಲಿ ಕಾರ್ವೆ. ಇಡೀ ಸಭೆ ಕೈ ತಟ್ಟುವ ಆ ಜಾಗದಲ್ಲಿ ಹೇಳುವವರು ಮಾತ್ರ ಸುಮ್ಮನಿರುತ್ತಾರೆ. ಅಲ್ಲಿಂದ ಮುಂದೆ ಉಸಿರು ಬಿಡದ ಮೂರು ಸುತ್ತು. ಕೈ ಹೊರಳಿಸುವಾಗ 'ನ', ಮುಂದಿನ ತಟ್ಟಿಗೆ 'ಗಿ', ಕೊನೆಯ ಹೊರಳಿಗೆ 'ದಿ'. ಈ ಮೂರು ಸುತ್ತಿನಲ್ಲಿ ಪ್ರತಿ ಎಣಿಕೆಗೂ ಒತ್ತು ಸೊಲ್ಲಿನಲ್ಲಿ ಒಂದೊಂದು ಅಕ್ಷರ ಹಿಂದಕ್ಕೆ ಜರುಗುತ್ತ ಬಂದಿದೆ. ಇನ್ನು ಉಳಿದದ್ದು 'ತ', ಅದು ಸಮಕ್ಕೇ, ಅಂದರೆ ಮುಂದಿನ ಆವರ್ತನದ ಮೊದಲ ತಟ್ಟಿಗೇ, ಬರಬೇಕು. ಬರುತ್ತದೆ. ಐದಕ್ಕೂ ನಾಲ್ಕಕ್ಕೂ ನಡೆದ ಎಳೆದಾಟ ಆ ಒಂದು ಬಿಂದುವಿನಲ್ಲಿ ಮುಗಿದಾಗ ಲೆಕ್ಕ ಗೊತ್ತಿಲ್ಲದವರೂ ತಲೆದೂಗುತ್ತಾರೆ. ಇದು ಆರಂಭದ ಪಾಠಗಳಲ್ಲಿ ಬರುವ ಸರಳ ರಚನೆ. 'ತದಿಗಿನತೊಂ' ಎಂಬುದರ ಒಳಗೇ ಕಾರ್ವೆ ಸೇರಿಸಿ ಆರು ಮಾಡಬಹುದು, ಏಳು ಮಾಡಬಹುದು. ಸಮ ಬಿಟ್ಟು ಎಡುಪಿಗೆ, ಅಂದರೆ ಹಾಡು ಶುರುವಾಗುವ ಜಾಗಕ್ಕೆ, ಬಂದು ನಿಲ್ಲುವಂತೆ ಕಟ್ಟಬಹುದು. ದೊಡ್ಡ ವಿದ್ವಾಂಸರು ಇಂಥ ಹತ್ತಾರು ನಿರ್ಧಾರಗಳನ್ನು ವೇದಿಕೆಯ ಮೇಲೆ, ಮುಂದಿನ ಆವರ್ತನ ಬರುವಷ್ಟರಲ್ಲಿ ಮಾಡುತ್ತಾರೆ.

ಉಸಿರಿನ ವಿಷಯ ಬಿಡುವಂತಿಲ್ಲ. ಒಳಗೆಳೆಯುತ್ತ ನುಡಿಸುವ ಬೀಟ್‌ಬಾಕ್ಸಿನ ಸೌಕರ್ಯ ಕೊನಗೋಲಿಗೆ ಇಲ್ಲ. ಸೊಲ್ಲು ಹೇಳಲು ಉಸಿರು ಹೊರಗೇ ಬರಬೇಕು. ಹಾಗಾಗಿ ಎಲ್ಲಿ ಉಸಿರೆಳೆಯಬೇಕು ಎಂಬುದೂ ರಚನೆಯ ಒಂದು ಭಾಗವಾಗುತ್ತದೆ. ಕಾರ್ವೆ ಕೇಳುಗನಿಗೆ ಮೌನ, ಹೇಳುವವನಿಗೆ ಶ್ವಾಸ. ಒಳ್ಳೆಯ ಕೊನಗೋಲಿನಲ್ಲಿ ದನಿಯ ಏರಿಳಿತವೂ ಇರುತ್ತದೆ. ಶ್ರುತಿಗೆ ಹೊಂದಿ ನಿಂತ ಕಂಠ, 'ತೊಂ'ಗೆ ತಗ್ಗಿದ ಸ್ಥಾಯಿ, ಓಟದ ಸೊಲ್ಲುಗಳಿಗೆ ಹಗುರ ದನಿ. ಕಿರುಚಿ ಹೇಳುವುದನ್ನು ಶಕ್ತಿ ಎಂದುಕೊಂಡವರೂ ಇದ್ದಾರೆ. ಅವರ ಲೆಕ್ಕ ಎಷ್ಟೇ ಗಟ್ಟಿಯಾಗಿದ್ದರೂ ಕೇಳಲು ಹಿತವಿರುವುದಿಲ್ಲ. ಕೊನಗೋಲು ಕಂಠದ ಕಲೆ, ಅದಕ್ಕೆ ಸಂಗೀತದ ಕಿವಿ ಬೇಕೇ ಬೇಕು.

ಒಂದು ಕಾಲಕ್ಕೆ ಈ ಕಲೆಗೆ ಕಚೇರಿಯಲ್ಲಿ ಮರ್ಯಾದೆಯ ಸ್ಥಾನವಿತ್ತು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಕಾಂಚೀಪುರಂ ನೈನಾ ಪಿಳ್ಳೈ ಅವರ ಕಚೇರಿಗಳು 'ಫುಲ್ ಬೆಂಚ್' ಎಂದೇ ಹೆಸರಾಗಿದ್ದವು. ಪಿಟೀಲು, ಮೃದಂಗ, ಖಂಜಿರ, ಘಟ, ಮೋರ್ಚಿಂಗ್ ಎಲ್ಲ ಇದ್ದ ಆ ಸಾಲಿನಲ್ಲಿ ಮನ್ನಾರ್ಗುಡಿ ಪಕ್ಕಿರಿಯಾ ಪಿಳ್ಳೈ ಅವರ ಕೊನಗೋಲೂ ಇತ್ತು. ಮುಂದೆ ಕಚೇರಿಯ ಸಮಯ ಕಡಿಮೆಯಾಯಿತು, ಪಕ್ಕವಾದ್ಯಗಳು ಒಂದೆರಡಕ್ಕೆ ಇಳಿದವು, ಕೊನಗೋಲು ವೇದಿಕೆಯಿಂದ ಹೆಚ್ಚುಕಡಿಮೆ ಮರೆಯಾಯಿತು. ತಿರುಚಿ ಆರ್. ತಾಯುಮಾನವನ್ ಅವರಂಥ ಕೆಲವರು ಅದನ್ನು ಉಳಿಸಿಕೊಂಡು ಬಂದರು. ಹಾಡುಗಾರನ ಪಕ್ಕದಲ್ಲಿ ಇನ್ನೊಂದು ಮನುಷ್ಯ ಕಂಠ ಕುಳಿತರೆ ಕೇಳುಗನ ಗಮನ ಎರಡಾಗುತ್ತದೆ, ಕೊನಗೋಲು ಹಿಂದೆ ಸರಿಯಲು ಇದೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ಮತ್ತೆ ಅದರ ಕಡೆ ಕಿವಿ ತಿರುಗಿದ್ದು ಅರ್ಧ ಹೊರಗಿನಿಂದ. ಮೃದಂಗ ವಿದ್ವಾನ್ ಪಳನಿ ಸುಬ್ರಮಣಿಯ ಪಿಳ್ಳೈ ಅವರ ಶಿಷ್ಯ ತಿರುಚಿ ಶಂಕರನ್ 1971ರಲ್ಲಿ ಟೊರಾಂಟೋದ ಯಾರ್ಕ್ ವಿಶ್ವವಿದ್ಯಾಲಯ ಸೇರಿ, ಮೃದಂಗ ಮುಟ್ಟದವರಿಗೂ ಸೊಲ್ಲುಕಟ್ಟು ಕಲಿಸಿದರು. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ 'ಶಕ್ತಿ' ತಂಡದಲ್ಲಿ ಚೆನ್ನೈನ ವಿಕ್ಕು ವಿನಾಯಕರಾಂ ಘಟ ನುಡಿಸಿದರು. ಅವರ ಸಹೋದರ ಟಿ.ಎಚ್. ಸುಭಾಷ್ ಚಂದ್ರನ್ ಘಟದಷ್ಟೇ ಕೊನಗೋಲಿಗೂ ಹೆಸರಾದವರು. ವಿನಾಯಕರಾಂ ಅವರ ಮಗ ಸೆಲ್ವಗಣೇಶ್ ಮೆಕ್‌ಲಾಫ್ಲಿನ್ ಜೊತೆ ಸೇರಿ ಕೊನಗೋಲಿನ ಪಾಠವನ್ನೇ ಡಿವಿಡಿಯಾಗಿ ತಂದರು. ಗಿಟಾರಿನವರು, ಡ್ರಮ್ಮಿನವರು ಅದನ್ನು ನೋಡಿ 'ತಕಿಟ' ಕಲಿತರು.

ಕನ್ನಡನಾಡಿನ ಪಾಲೂ ದೊಡ್ಡದು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆರಂಭಿಸಿದರು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ಈ ಸಂಸ್ಥೆಯ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ನುಡಿಸಿದ 'ಜ್ಯೋತಿ' ಎಂಬ ಆಲ್ಬಂ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಬೆಂಗಳೂರಿನ ಬಿ.ಆರ್. ಸೋಮಶೇಖರ ಜೋಯಿಸ್ ಮತ್ತು ವಿ. ಶಿವಪ್ರಿಯಾ ಅವರ ಜೋಡಿ ಕೊನಗೋಲಿನ ವಿಡಿಯೊವನ್ನು ಅಂತರ್ಜಾಲದಲ್ಲಿ ಜಗತ್ತೇ ನೋಡಿದೆ. ನೋಡದವರು ಇವತ್ತೇ ನೋಡಬಹುದು. ಎರಡು ಕಂಠ, ಎರಡು ಕೈ ತಾಳ, ಬೇರೇನೂ ಇಲ್ಲ. ಇಬ್ಬರೂ ಒಟ್ಟಿಗೆ ಹೇಳುವಾಗ ಒಂದು ಕೂದಲೆಳೆಯೂ ನಡುವೆ ಹೋಗದು. ಅವರ ಮುಖದ ನಗುವನ್ನು ನೋಡಿದರೆ ಲೆಕ್ಕ ಇಷ್ಟು ಸಂತೋಷದ ಸಂಗತಿಯೇ ಎಂದು ಬೆರಗಾಗುತ್ತದೆ.

ಬೆಂಗಳೂರಿನವರೇ ಆದ ಮೃದಂಗ ವಿದ್ವಾನ್ ಬಿ.ಸಿ. ಮಂಜುನಾಥ್ ಮಾಡಿದ ಇನ್ನೊಂದು ಪ್ರಯೋಗವಿದೆ. 1, 1, 2, 3, 5, 8, 13, 21 ಎಂದು ಹಿಂದಿನ ಎರಡನ್ನು ಕೂಡಿಸುತ್ತ ಬೆಳೆಯುವ ಫಿಬೊನಾಚಿ ಸಂಖ್ಯೆಗಳನ್ನು ಅವರು ಕೊನಗೋಲಿಗೆ ಅಳವಡಿಸಿದರು. ಕೇಳಿದವರು ಗಣಿತ ಮತ್ತು ಸಂಗೀತದ ಹೊಸ ಮದುವೆ ಎಂದು ಮೆಚ್ಚಿದರು. ಆದರೆ ಇದು ಹೊಸ ನಂಟಲ್ಲ. ಇಷ್ಟು ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು ಎಂದು ನಮ್ಮ ಛಂದಶ್ಶಾಸ್ತ್ರದವರು ಎಣಿಸಿದಾಗ ಬಂದದ್ದು ಇದೇ ಸಂಖ್ಯೆಗಳು. ಮೂರು ಮಾತ್ರೆಯನ್ನು ಮೂರು ಬಗೆಯಲ್ಲಿ, ನಾಲ್ಕನ್ನು ಐದು ಬಗೆಯಲ್ಲಿ, ಐದನ್ನು ಎಂಟು ಬಗೆಯಲ್ಲಿ ತುಂಬಬಹುದು. ಇಟಲಿಯ ಫಿಬೊನಾಚಿ ತನ್ನ ಪುಸ್ತಕ ಬರೆದದ್ದು 1202ರಲ್ಲಿ. ವಿರಹಾಂಕನೂ ಹೇಮಚಂದ್ರನೂ ಅದಕ್ಕೆ ಮೊದಲೇ ಈ ಎಣಿಕೆಯನ್ನು ಬರೆದಿಟ್ಟಿದ್ದರು.

ಇಲ್ಲಿಗೆ ಬಂದಾಗ ಕೊನಗೋಲು ಕನ್ನಡಿಗನ ಮನೆಯೊಳಗೇ ಇದೆ ಎಂದು ತಿಳಿಯುತ್ತದೆ. ಹತ್ತನೇ ಶತಮಾನದ ಕೊನೆಯ ವೇಳೆಗೆ ಕನ್ನಡದಲ್ಲಿ ಛಂದಸ್ಸಿಗೆಂದೇ ನಾಗವರ್ಮನ 'ಛಂದೋಂಬುಧಿ' ಇತ್ತು. ನಮ್ಮ ರಗಳೆ, ಷಟ್ಪದಿಗಳೆಲ್ಲ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಂದ ಆದವು. ಉತ್ಸಾಹ ರಗಳೆಯ ಗಣಕ್ಕೆ 'ತಕಿಟ' ಹೇಳಿ ನೋಡಿ, ಲಲಿತ ರಗಳೆಗೆ 'ತಕತಕಿಟ' ಹೇಳಿ ನೋಡಿ, ಕೂಡುತ್ತವೆ. ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು. ಅಂದರೆ 'ತಕಿಟ ತಕಧಿಮಿ' ಎರಡು ಸಲ. ಮಿಶ್ರಚಾಪು ತಾಳದ ಏಳು ಮಾತ್ರೆಯೂ ಇದೇ. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ನಡೆಸಿದ್ದು ಈ ಹೆಜ್ಜೆಯಲ್ಲಿ. ಮೂರನೆಯ ಸಾಲಿಗೆ ಬಂದಾಗ ಅದೇ ಏಳು ಮೂರು ಸಲ ಬಂದು, ಕೊನೆಗೊಂದು ಗುರು ನಿಲ್ಲುತ್ತದೆ. 21 ಮತ್ತು 2 ಸೇರಿ 23 ಮಾತ್ರೆ. ಒಂದೇ ಗತಿಯನ್ನು ಮೂರು ಸಲ ಹೇಳಿ ಭಾರವಾದ ಅಕ್ಷರದ ಮೇಲೆ ಇಳಿಯುವ ಈ ಕ್ರಮಕ್ಕೂ ಮೃದಂಗದವರ ಮುಕ್ತಾಯಕ್ಕೂ ಇರುವ ಹೋಲಿಕೆ ನನಗೆ ಆಕಸ್ಮಿಕ ಎನಿಸುವುದಿಲ್ಲ. ಕಿವಿ ಮೂರರ ನಂತರ ನಿಲುಗಡೆಯನ್ನು ಬಯಸುತ್ತದೆ ಎಂಬುದು ಕವಿಗೂ ಗೊತ್ತಿತ್ತು, ಲಯದವರಿಗೂ ಗೊತ್ತಿತ್ತು.

ಆದ್ದರಿಂದ ಕನ್ನಡ ಕಲಿಸುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಚೆನ್ನೈನಂಥ ಹೊರನಾಡಿನಲ್ಲಿ ಮನೆಯ ಮಕ್ಕಳಿಗೆ ಕನ್ನಡ ಹೇಳಿಕೊಡುವ ಅಪ್ಪ ಅಮ್ಮಂದಿರಲ್ಲೂ ಅದೇ ಕೋರಿಕೆ. ಛಂದಸ್ಸಿನ ಪಾಠ ಬಂದಾಗ ಹಲಗೆಯ ಮೇಲೆ ಲಘು ಗುರುಗಳ ಗೀಟು ಹಾಕಿಸುವ ಮೊದಲು ಮಕ್ಕಳ ಕೈಯಲ್ಲಿ ತಾಳ ಹಾಕಿಸಿ, ಬಾಯಲ್ಲಿ 'ತಕಿಟ ತಕಧಿಮಿ' ಹೇಳಿಸಿ. ಆ ಲಯದ ಮೇಲೆಯೇ ಕುಮಾರವ್ಯಾಸನ ಒಂದು ಪದ್ಯವನ್ನು ಓದಿಸಿ. ಗಣ ವಿಭಾಗ ಮಾಡುವುದು ಆಮೇಲೆ ಅವರಿಗೆ ತಾನಾಗಿ ಬರುತ್ತದೆ. ಇದಕ್ಕೆ ಮೃದಂಗ ಬೇಡ, ದುಡ್ಡು ಬೇಡ, ಬೇರೆ ತರಬೇತಿಯೂ ಬೇಡ.